ಸಕ್ಕರೆಯ ಹಿಟ್ಟು ಮತ್ತು ಅಕ್ಕನ ಪ್ರಶ್ನೆ



ಕಳೆದ ಆಷಾಢದಲ್ಲಿ ನನ್ನ ಅಕ್ಕನಿಗೆ 80 ವರ್ಷ ತುಂಬಿತು. ಅವಳ ಮೊಮ್ಮಗಳು ಮೊಟ್ಟೆಯಿಲ್ಲದ ಕೇಕೊಂದನ್ನು ಮಾಡಿ, ಅದರ ಮೇಲೆ ಹೊದಿಸಲೆಂದು ಶುಗರ್ ಪೇಸ್ಟನ್ನೂ ಮನೆಯಲ್ಲಿಯೇ ನಾದಿದ್ದಳು. ಅಡುಗೆಮನೆಗೆ ಬಂದ ಅಕ್ಕ ಅದನ್ನು ಬೆರಳಿನಿಂದ ಒತ್ತಿ ನೋಡಿ, "ಚಪಾತಿ ಹಿಟ್ಟಿನ ಹಾಗಿದೆಯಲ್ಲೇ, ಏನೇನು ಹಾಕಿದ್ದೀ?" ಎಂದು ಕೇಳಿದಳು. ಸಕ್ಕರೆ ಪುಡಿ, ಗ್ಲೂಕೋಸ್ ಪಾಕ, ಗ್ಲಿಸರಿನ್, ಜೆಲಟಿನ್ ಎಂದಳು ಹುಡುಗಿ. "ಜೆಲಟಿನ್ ಅಂದರೆ?"

ಅದು ಪ್ರಾಣಿಗಳ ಚರ್ಮ ಮತ್ತು ಎಲುಬುಗಳಿಂದ ತೆಗೆಯುವ ವಸ್ತುವೆಂಬುದು ನನಗೆ ತಿಳಿದಿತ್ತು. ಆದರೂ ಹಬ್ಬದ ಮನೆಯಲ್ಲಿ ಈ ಮಾತೇಕೆ ಎಂದು ಕಿಟಕಿಯ ಕಡೆ ನೋಡುತ್ತ ನಿಂತೆ. ಸತ್ಯ ಹೇಳಬೇಕೆಂದು ನಿಮಗೆಲ್ಲ ಪಾಠ ಹೇಳಿದವನು ನಾನೇ. ಉತ್ತರ ಕೊಟ್ಟವಳು ಆ ಹುಡುಗಿ. ಕೊಟ್ಟು, ನಾದಿದ ಹಿಟ್ಟನ್ನಷ್ಟೂ ಬದಿಗಿಟ್ಟಳು. ಅಕ್ಕ ಏನೂ ಅನ್ನಲಿಲ್ಲ. ಜೆಲಟಿನ್‌ಗೆ ಬದಲಾಗಿ ಕಡಲ ಪಾಚಿಯಿಂದ ಬರುವ ಅಗರ್ ಅಗರ್ ಹಾಕಿ ಮಾಡಿದ ಎರಡನೆಯ ಹಿಟ್ಟು ಲಟ್ಟಿಸುತ್ತಿದ್ದಂತೆ ಪುಡಿಪುಡಿಯಾಯಿತು. ಅಗರ್ ಬಿಸಿ ಆರುವಷ್ಟರಲ್ಲಿ ಗಟ್ಟಿಯಾಗುತ್ತದೆ, ಮುರಿಯುತ್ತದೆ. ಜೆಲಟಿನ್ನಿನ ಹಾಗೆ ಎಳೆದರೆ ಬಾಗುವ ಗುಣ ಅದಕ್ಕಿಲ್ಲ. ಜೆಲಟಿನ್ ಬರುವ ಮೊದಲು ಜನ ಏನು ಮಾಡುತ್ತಿದ್ದರು ಎಂಬ ಪ್ರಶ್ನೆ ನನಗೆ ಹೊಳೆದದ್ದು ಆಗ.

ಉತ್ತರ ಬಲು ಹಳೆಯದು. 1555ರಲ್ಲಿ ವೆನಿಸ್ ನಗರದಲ್ಲಿ 'ಪಿಯೆಮಾಂಟ್‌ನ ಅಲೆಸ್ಸಿಯೊ' ಎಂಬ ಹೆಸರಿನಲ್ಲಿ ರಹಸ್ಯ ಪಾಕಗಳ ಪುಸ್ತಕವೊಂದು ಪ್ರಕಟವಾಯಿತು. ಮೂರೇ ವರ್ಷಗಳಲ್ಲಿ ಅದು ಇಂಗ್ಲಿಷಿಗೂ ಬಂತು. ಸಕ್ಕರೆಯ ಹಿಟ್ಟಿನಿಂದ ಹಣ್ಣು, ತಟ್ಟೆ, ಬಟ್ಟಲುಗಳನ್ನು ಮಾಡಿ, ಊಟವಾದ ಮೇಲೆ ಪಾತ್ರೆಗಳನ್ನೇ ಮುರಿದು ತಿನ್ನುವ ಕ್ರಮ ಅದರಲ್ಲಿದೆ. ಟ್ರಾಗಕಾಂತ್ ಎಂಬ ಅಂಟನ್ನು ಪನ್ನೀರಿನಲ್ಲಿ ನೆನೆಸಿ, ನಿಂಬೆರಸ, ಮೊಟ್ಟೆಯ ಬಿಳಿ, ನುಣುಪಾದ ಸಕ್ಕರೆ ಪುಡಿ ಸೇರಿಸಿ ನಾದಬೇಕು. ಬಿಸಿ ಪದಾರ್ಥವನ್ನು ಹತ್ತಿರ ತರಬಾರದೆಂಬ ಎಚ್ಚರಿಕೆಯೂ ಉಂಟು. 1574ರಲ್ಲಿ ಫ್ರಾನ್ಸಿನ ದೊರೆ ಮೂರನೆಯ ಹೆನ್ರಿ ವೆನಿಸ್‌ಗೆ ಬಂದಾಗ, ಔತಣದಲ್ಲಿ ಅವನು ಕೈಗೆತ್ತಿಕೊಂಡ ಕರವಸ್ತ್ರ ಬೆರಳುಗಳ ನಡುವೆ ಮುರಿಯಿತಂತೆ. ಅದೂ ಸಕ್ಕರೆಯದೇ!

ಟ್ರಾಗಕಾಂತ್ ಇರಾನ್, ತುರ್ಕಿಗಳ ಒಣ ಬೆಟ್ಟಗಳಲ್ಲಿ ಬೆಳೆಯುವ ಮುಳ್ಳುಪೊದೆಯ ಅಂಟು. ಅದು ನೀರಿನಲ್ಲಿ ಕರಗುವುದಕ್ಕಿಂತ ಹೆಚ್ಚಾಗಿ ಉಬ್ಬಿಕೊಳ್ಳುತ್ತದೆ. ಬೇಸಿಗೆಯಲ್ಲಿ ತಂಪಿಗೆಂದು ನೆನೆಸಿ ಕುಡಿಯುವ ಗೋಂದ್ ಕತೀರಾ ಎಂಬ ಹೆಸರಿನಲ್ಲಿ ನಮ್ಮ ಅಂಗಡಿಗಳಲ್ಲಿ ಇದೂ ಸಿಗುತ್ತದೆ, ಬೇರೆ ಮರದ ಅಂಟೂ ಸಿಗುತ್ತದೆ, ಕೇಳಿ ಕೊಳ್ಳಬೇಕು.

ಆದರೆ ಆ ಹಳೆಯ ಹಿಟ್ಟು ಒಣಗಿದರೆ ಕಲ್ಲು. ಬೊಂಬೆಗೆ, ಬಟ್ಟಲಿಗೆ ಅದು ಸರಿ. ಕೇಕಿಗೆ ಮೆದುವಾದ ಹೊದಿಕೆ ಬೇಕು. ಆ ಮೃದುತ್ವ ಬಂದದ್ದು ರಸಾಯನಶಾಸ್ತ್ರದಿಂದ. 1811ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕಿರ್ಖಾಫ್ ಎಂಬವನು ಪಿಷ್ಟವನ್ನು ಆಮ್ಲದೊಡನೆ ಕುದಿಸಿ ಸಿಹಿ ಪಾಕ ಪಡೆದನು. ಗ್ಲೂಕೋಸ್ ಪಾಕದ ಮೂಲ ಇದೇ. ಸಕ್ಕರೆಯ ಕಣಗಳು ಮತ್ತೆ ಹರಳುಗಟ್ಟದಂತೆ ಅದು ಅಡ್ಡ ನಿಲ್ಲುತ್ತದೆ; ತೇವವನ್ನೂ ಹಿಡಿದಿಡುತ್ತದೆ.

ಇಲ್ಲಿ ನನಗೆ ಅಮ್ಮನ ಸಂಕ್ರಾಂತಿಯ ಸಕ್ಕರೆ ಅಚ್ಚುಗಳು ನೆನಪಾದವು. ಅಲ್ಲಿ ಬೇಕಾದದ್ದು ಇದರ ತದ್ವಿರುದ್ಧ. ಪಾಕವನ್ನು ಹಾಲು ಹಾಕಿ ಕಶ್ಮಲ ತೆಗೆದು, ಹದಕ್ಕೆ ಬಂದಾಗ ಸೌಟಿನಿಂದ ತಿರುವಿ, ಬೆಳ್ಳಗೆ ಮಬ್ಬು ಕವಿಯುವ ಕ್ಷಣದಲ್ಲಿ, ನೀರಿನಲ್ಲಿ ನೆನೆದ ಮರದ ಅಚ್ಚುಗಳಿಗೆ ಸುರಿಯಬೇಕು. ಆ ಮಬ್ಬೇ ಹರಳುಗಳ ಹುಟ್ಟು. ಒಂದು ಗಳಿಗೆ ತಡವಾದರೆ ಪಾತ್ರೆಯಲ್ಲೇ ಹೆಪ್ಪು. ಬಿಳುಪಿಗೆಂದು ನಿಂಬೆರಸ ನಾಲ್ಕು ಹನಿ ಹೆಚ್ಚಾದರೆ ಆನೆಗೆ ಸೊಂಡಿಲು ಬಾರದು, ಅಂಟಂಟು! ಆಮ್ಲ ಮತ್ತು ಬಿಸಿ ಸೇರಿ ಸಕ್ಕರೆಯನ್ನು ಗ್ಲೂಕೋಸ್, ಫ್ರಕ್ಟೋಸ್ ಎಂದು ಒಡೆಯುತ್ತವೆ. ಅಚ್ಚನ್ನು ಕೆಡಿಸುವ ಆ ಗುಣವೇ ಶುಗರ್ ಪೇಸ್ಟನ್ನು ಉಳಿಸುತ್ತದೆ. ಅಮ್ಮ ಇದನ್ನು ಯಾವ ಸೂತ್ರವೂ ಇಲ್ಲದೆ ತಿಳಿದಿದ್ದಳು. ಅಚ್ಚಿಗೆ ಬಿಳಿ ಸಕ್ಕರೆ ಸುಲಭವಾಗಿ ಸಿಗುವಂತಾದದ್ದಾದರೂ ಎಂದು? 1800ರಲ್ಲಿ ನಮ್ಮ ಸೀಮೆಯಲ್ಲಿ ಸಂಚರಿಸಿದ ಬುಕಾನನ್, ಚನ್ನಪಟ್ಟಣದಲ್ಲಿ ನಯವಾದ ಬಿಳಿ ಸಕ್ಕರೆ ಮಾಡುವ ವಿದ್ಯೆಯನ್ನು ಗುಟ್ಟಾಗಿ ಇಟ್ಟಿದ್ದರೆಂದು ಬರೆದಿದ್ದಾನೆ. ಮಂಡ್ಯದ ಸಕ್ಕರೆ ಕಂಪನಿ ಹುಟ್ಟಿದ್ದು 1933ರಲ್ಲಿ.

ಮೂರನೆಯ ಹಿಟ್ಟಿನ ಅಳತೆ ಕೇಳುವವರಿಗೆ: ಅರ್ಧ ಕಿಲೋ ಸಕ್ಕರೆ ಪುಡಿ, 1 ಟೀ ಚಮಚ ಅಂಟಿನ ಪುಡಿ, ಅದನ್ನು ರಾತ್ರಿಯಿಡೀ ನೆನೆಸಲು 2 ದೊಡ್ಡ ಚಮಚ ನೀರು, 4 ದೊಡ್ಡ ಚಮಚ ಗ್ಲೂಕೋಸ್ ಪಾಕ, 1 ದೊಡ್ಡ ಚಮಚ ವನಸ್ಪತಿ. ಗ್ಲಿಸರಿನ್ ಕೆಲವೊಮ್ಮೆ ಪ್ರಾಣಿಜನ್ಯವಾಗಿರುವುದರಿಂದ ಬಿಟ್ಟೆವು. ಮಿಕ್ಸಿಯ ಪುಡಿ ಸಾಲದು. ನಾಲಿಗೆಗೆ ಮರಳು ತಾಗುತ್ತದೆ. ವಸ್ತ್ರಗಾಲಿತ ಮಾಡಿದೆವು. ಆಷಾಢದ ತೇವಕ್ಕೆ ಹಿಟ್ಟು ಕೈಗೆ ಹತ್ತಿತು; ಹುಡುಗಿ ಜೋಳದ ಹಿಟ್ಟು ಉದುರಿಸುತ್ತ ಹೋದಳು, ಈಗ ಆನೆಯ ಚರ್ಮದಂತೆ ಬಿರಿಯಿತು. ಅಂಗೈಗೆ ವನಸ್ಪತಿ ಸವರಿಕೊಂಡು ಮತ್ತೆ ನಾದಿದ ಮೇಲೆಯೇ ದಾರಿಗೆ ಬಂದದ್ದು. ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ ಹೊರಗೇ ಇಟ್ಟೆವು. ಫ್ರಿಜ್ಜಿನಲ್ಲಿಟ್ಟು ತೆಗೆದರೆ ಹೊದಿಕೆ ಬೆವರುತ್ತದೆ, ಬಣ್ಣ ಹರಿಯುತ್ತದೆ.

ಸಂಜೆ ಅಕ್ಕ ಮತ್ತೆ ಕೇಳಿದಳು, ಈ ಸಲ ನನ್ನನ್ನು: "ಏನೇನು ಹಾಕಿದ್ದೀರೋ?" ಅಂಟಿನ ಪೊದೆಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಬೆಳಿಗ್ಗೆ ತಿಳಿದೂ ಸುಮ್ಮನಿದ್ದೆನೆಂಬುದನ್ನೂ ಹೇಳಿದೆ. "ನನಗೆ ಗೊತ್ತಿತ್ತು, ಚಿಕ್ಕಂದಿನಿಂದಲೂ ನೀನು ಹಾಗೆಯೇ ಕಿಟಕಿ ನೋಡುವುದು" ಎಂದು ಒಂದು ತುಂಡು ಬಾಯಿಗಿಟ್ಟುಕೊಂಡಳು. ಸಿಹಿ ಸ್ವಲ್ಪ ಹೆಚ್ಚಾಯಿತೆಂದಳು. ಅಂಚಿನಲ್ಲಿ ಉಳಿದಿದ್ದ ಬಿರುಕಿನ ಮೇಲೆ ಹುಡುಗಿ ಅಷ್ಟರಲ್ಲೇ ಒಂದು ಸಕ್ಕರೆಯ ವೀಳ್ಯದೆಲೆ ಅಂಟಿಸಿದ್ದಳು.