ದೀಪದ ಬೆಳಕಿನಲ್ಲಿ ಕಾಲರಾ ಲಸಿಕೆ

ಕೋವಿಡ್ ಕಾಲದಲ್ಲಿ ಮನೆಮನೆಗೆ ಹೋದ ಆರೋಗ್ಯ ಸಿಬ್ಬಂದಿಗೆ ಕೆಲವು ಕಡೆ ಜನ ಬಾಗಿಲೇ ತೆಗೆಯಲಿಲ್ಲ, ನೆನಪಿದೆಯಲ್ಲ? ಇದು ಹಳೇ ಕಥೆ. 1894ರ ಕಲ್ಕತ್ತಾದಲ್ಲೂ ಹೀಗೇ ಆಗಿತ್ತು.

ಆಗ ಕಾಲರಾ ದೇಶ ದೇಶಗಳನ್ನು ಸುತ್ತುತ್ತಿತ್ತು. ಒಡೆಸಾದಲ್ಲಿ ಹುಟ್ಟಿದ ವಾಲ್ಡೆಮಾರ್ ಹಾಫ್ಕಿನ್ ಪ್ಯಾರಿಸ್ಸಿನಲ್ಲಿ ಅದಕ್ಕೊಂದು ಲಸಿಕೆ ಮಾಡಿ, 1892ರಲ್ಲಿ ಮೊದಲು ತನಗೇ ಚುಚ್ಚಿಕೊಂಡಿದ್ದರು. ಆದರೆ ಲಸಿಕೆ ನಿಜಕ್ಕೂ ಕಾಯುತ್ತದೆಯೇ ಎಂದು ತಿಳಿಯಲು ಕಾಲರಾ ಇರುವ ಊರಿಗೇ ಹೋಗಬೇಕಿತ್ತು.

ಕಲ್ಕತ್ತಾದ ಬಸ್ತಿಗಳಲ್ಲಿ ಇದ್ದವರು ಹೆಚ್ಚಾಗಿ ಕೂಲಿಕಾರರು. ಹಗಲು ಹೋದರೆ ಸಿಗುವುದಿಲ್ಲ, ಕೂಲಿ ಬಿಟ್ಟು ಕಾಯಿರಿ ಎನ್ನಲೂ ಆಗದು. ಹಾಗಾಗಿ ತಂಡವೇ ಅವರ ಹೊತ್ತಿಗೆ ಹೊಂದಿಕೊಂಡಿತು. ಬೆಳಿಗ್ಗೆ ಅವರು ಕೆಲಸಕ್ಕೆ ಹೊರಡುವ ಮುಂಚೆ ಹೋಗುವುದು, ಸಂಜೆ ವಾಪಸ್ ಬಂದ ಮೇಲೆ ಎಣ್ಣೆ ದೀಪ ಹಚ್ಚಿಕೊಂಡು ಮತ್ತೆ ಕೂರುವುದು. ಇಂದಿನ ಎಷ್ಟೋ ಸರ್ವೆಗಳು ಈ ಸಣ್ಣ ವಿಷಯದಲ್ಲೇ ಎಡವುತ್ತವೆ.

ಇನ್ನು ಭಯ. ಸೂಜಿಯೇ ಹೊಸದು, ಅದೂ ಪರದೇಶಿಯ ಕೈಯಲ್ಲಿ! ಹಾಫ್ಕಿನ್ ಜನರ ಎದುರಿಗೇ ತಾನೂ ಚುಚ್ಚಿಕೊಂಡು ತೋರಿಸಿದರು. ಚೌಧುರಿ, ಘೋಷ್, ಚಟರ್ಜಿ, ದತ್ತ ಎಂಬ ಇಲ್ಲಿನ ವೈದ್ಯರು ಅವರ ಜೊತೆಗಿದ್ದರು. ನನ್ನ ಪ್ರಕಾರ ಬಾಗಿಲು ತೆರೆಸಿದ್ದು ಹೆಚ್ಚಾಗಿ ಇವರ ಮುಖಗಳೇ.

ಮಾರ್ಚ್ ಕೊನೆಗೆ ಕಾಟಾಲ್‌ಬಾಗಾನ್ ಬಸ್ತಿಯಲ್ಲಿ ಇಬ್ಬರು ಕಾಲರಾದಿಂದ ಸತ್ತರು. ಅಲ್ಲಿದ್ದ ಸುಮಾರು 200 ಜನರಲ್ಲಿ 116 ಮಂದಿ ಲಸಿಕೆ ಹಾಕಿಸಿಕೊಂಡರು. ಉಳಿದವರು ಬೇಡವೆಂದರೂ ಅವರನ್ನು ಮರೆಯುವಂತಿರಲಿಲ್ಲ, ಹೋಲಿಸಿ ನೋಡಲು ಅವರ ಲೆಕ್ಕವೂ ಬೇಕು. ಆಮೇಲೆ ಅಲ್ಲಿ 10 ಮಂದಿಗೆ ಕಾಲರಾ ಬಂತು, 7 ಮಂದಿ ಸತ್ತರು. ಆ ಹತ್ತೂ ಜನ ಲಸಿಕೆ ಹಾಕಿಸಿಕೊಳ್ಳದವರು.