ಗೋಮಾಳದ ಹುಲ್ಲಿನ ಪೋಷಕಾಂಶ: ಹೊಟ್ಟೆ ತುಂಬಿದರೂ ಕುರಿಗಳು ಸೊರಗುವುದೇಕೆ?

ಗದಗ ಜಿಲ್ಲೆಯ ಲಕ್ಷ್ಮೇಶ್ವರ ತಾಲ್ಲೂಕಿನ ಅಡರಕಟ್ಟಿ ಹಾಗೂ ನೆರೆಯ ಶಿರಹಟ್ಟಿ, ಮುಂಡರಗಿ ಭಾಗಗಳಲ್ಲಿ ಕುರಿಗಳು ಬಹುಮಟ್ಟಿಗೆ ಗೋಮಾಳ, ಹೊಲದ ಬದು ಮತ್ತು ಕಟಾವಾದ ಹೊಲಗಳನ್ನೇ ಅವಲಂಬಿಸಿವೆ. ಸಂಕ್ರಾಂತಿಯ ನಂತರ ಒಣಹುಲ್ಲು ಸಾಕಷ್ಟಿರುವಂತೆ ಕಂಡರೂ, ದಿನವಿಡೀ ಮೇಯ್ದು ಬಂದ ಕುರಿಗಳ ತೂಕ ಇಳಿಯುತ್ತದೆ. ಮರಿಗಳು ಬಡಕಲಾಗಿ ಹುಟ್ಟಿ, ತಾಯಿಯ ಹಾಲು ಸಾಲದೆ ಸಾಯುವುದೂ ಉಂಟು. ಜಂತುಬಾಧೆ ಇಲ್ಲವೆಂದು ಪಶುವೈದ್ಯರಿಂದ ಖಚಿತಪಡಿಸಿಕೊಂಡ ಮೇಲೆ, ಮುಂದೆ ನೋಡಬೇಕಾದದ್ದು ಮೇವಿನ ಗುಣಮಟ್ಟವನ್ನು.

ಹುಲ್ಲು ಬಲಿತಂತೆ ಕಚ್ಚಾ ಸಸಾರಜನಕ ಇಳಿದು, ನಾರು ಮತ್ತು ಜೀರ್ಣವಾಗದ ಲಿಗ್ನಿನ್ ಏರುತ್ತವೆ. ಹೂ ಬಿಡುವ ಮುನ್ನ ಸಾಮಾನ್ಯವಾಗಿ ಶೇ. 8ರಿಂದ 10ರಷ್ಟಿರುವ ಸಸಾರಜನಕವು, ಬೀಜ ಉದುರಿ ಒಣಗಿದ ಮೇಲೆ ಶೇ. 3ರಿಂದ 4ಕ್ಕೆ ಕುಸಿಯುತ್ತದೆ. ಈ ಪ್ರಮಾಣ ಸುಮಾರು ಶೇ. 7ಕ್ಕಿಂತ ಕಡಿಮೆಯಾದರೆ ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿನ ಸೂಕ್ಷ್ಮಾಣುಜೀವಿಗಳು ಸರಿಯಾಗಿ ವೃದ್ಧಿಯಾಗವು. ಅವು ಕುಗ್ಗಿದರೆ ನಾರು ಕರಗದೆ ಹೊಟ್ಟೆಯಲ್ಲೇ ಉಳಿಯುವುದರಿಂದ ಕುರಿ ಹೆಚ್ಚು ತಿನ್ನಲೂ ಆರದು. ರಂಜಕ ಹಾಗೂ ಎ ಜೀವಸತ್ವದ ಮೂಲವಾದ ಕ್ಯಾರೋಟಿನ್ ಸಹ ಹುಲ್ಲು ಒಣಗಿದಂತೆ ಕಡಿಮೆಯಾಗುತ್ತವೆ.

ಆಡುಗಳು ಇಷ್ಟು ಸೊರಗದಿರುವುದಕ್ಕೆ ಕಾರಣವಿದೆ. ಅವು ಬಾರಿ, ಜಾಲಿ ಮುಂತಾದವುಗಳ ಎಲೆ, ಚಿಗುರನ್ನು ಹುಡುಕಿ ತಿನ್ನುತ್ತವೆ. ಇಂತಹ ಎಲೆಗಳಲ್ಲಿ ಸಸಾರಜನಕ ಬೇಸಿಗೆಯಲ್ಲಿಯೂ ಹುಲ್ಲಿಗಿಂತ ಬಹಳ ಹೆಚ್ಚು. ಕರಿಜಾಲಿಯ ಕಾಯಿಗಳನ್ನು ಕುರಿಗಳಿಗೂ ಸ್ವಲ್ಪ ಸ್ವಲ್ಪವಾಗಿ ಕೊಡಬಹುದು. ಅದರಲ್ಲಿ ಟ್ಯಾನಿನ್ ಇರುವುದರಿಂದ ಅದೊಂದನ್ನೇ ಮೇಯಿಸಬಾರದು. ಬಳ್ಳಾರಿ ಜಾಲಿಯ ಕಾಯಿಯನ್ನು ಪುಡಿ ಮಾಡಿಯೇ ಕೊಡಬೇಕು. ಇಲ್ಲವಾದರೆ ಬೀಜಗಳು ಹಿಕ್ಕೆಯೊಂದಿಗೆ ಹೊರಬಿದ್ದು ಗೋಮಾಳವನ್ನೇ ಆಕ್ರಮಿಸುತ್ತವೆ.

ಹುಲ್ಲನ್ನು ಹೂ ಬಿಡುವ ಹಂತದಲ್ಲಿಯೇ ಕೊಯ್ದು ಒಣಗಿಸಿ ಬಣವೆ ಒಟ್ಟಬೇಕು. ಪೂರ್ಣ ಬಲಿಯಲೆಂದು ಕಾದರೆ ಬಣವೆ ದೊಡ್ಡದಾಗುತ್ತದೆ, ಮೇವು ಬಡವಾಗುತ್ತದೆ. ಚುಚ್ಚುವ ಊಬುಳ್ಳ ಹೆಟೆರೊಪೋಗಾನ್ ಹುಲ್ಲಿನಲ್ಲಂತೂ ತಡ ಸಲ್ಲದು; ಅದರ ಬೀಜಗಳು ಉಣ್ಣೆಗೆ ಸಿಕ್ಕಿ ಚರ್ಮದೊಳಗೆ ಇಳಿದು ಗಾಯ ಮಾಡುತ್ತವೆ.

ಬದು ಮತ್ತು ಬೀಳು ಭೂಮಿಯಲ್ಲಿ ದ್ವಿದಳ ಮೇವಾದ ಸ್ಟೈಲೋ ಹಮಾಟವನ್ನು ಮುಂಗಾರಿನಲ್ಲಿ ಅಂಜನ ಹುಲ್ಲಿನೊಂದಿಗೆ ಬಿತ್ತಬಹುದು. ಸ್ಟೈಲೋ ಬೀಜದ ಸಿಪ್ಪೆ ಗಟ್ಟಿ. 80 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ನೀರಿನಲ್ಲಿ ನಾಲ್ಕು ನಿಮಿಷ ಅದ್ದಿ, ನೆರಳಿನಲ್ಲಿ ಆರಿಸಿ, ಮೇಲ್ಮಣ್ಣಿನಲ್ಲಿಯೇ ಬಿತ್ತಬೇಕು. ಆಳಕ್ಕೆ ಹೋದರೆ ಮೊಳೆಯದು.

ಈ ವರ್ಷವೇ ಪರಿಹಾರ ಬೇಕಾದವರಿಗೆ ಶೇಂಗಾ ಹೊಟ್ಟು ಕೈಯಳತೆಯಲ್ಲಿದೆ. ಅದನ್ನು ಮಾರದೆ, ಗಬ್ಬದ ಕೊನೆಯ ಆರು ವಾರಗಳಲ್ಲಿರುವ ಕುರಿಗಳಿಗೆ ಮೀಸಲಿಡಿರಿ. ಜೊತೆಗೆ ದಿನಕ್ಕೆ ಸುಮಾರು 100 ಗ್ರಾಂ ಹಿಂಡಿ ಹಾಗೂ ಖನಿಜ ಮಿಶ್ರಣ ಕೊಡಿರಿ. ಬೂಷ್ಟು ಹಿಡಿದ ಹೊಟ್ಟು, ಹಿಂಡಿಯನ್ನು ಮಾತ್ರ ಯಾವ ಕಾರಣಕ್ಕೂ ಬಳಸಬಾರದು.