1900ನೆಯ ಇಸವಿಯ ಪ್ಯಾರಿಸ್ ಓಟವೂ ನಾರ್ಮನ್ ಪ್ರಿಚರ್ಡನ ದೇಶವೂ

ಕ್ರಿ. ಶ. 1900ನೆಯ ಇಸವಿ ಜುಲೈ ತಿಂಗಳ 22ನೆಯ ತಾರೀಖು ಭಾನುವಾರ, ಪ್ಯಾರಿಸ್ ನಗರದ ಪಶ್ಚಿಮದ ಅಂಚಿನಲ್ಲಿರುವ ಬುವಾ ದ ಬೊಲೋನ್ ಎಂಬ ವಿಶಾಲವಾದ ಉಪವನದಲ್ಲಿ 200 ಮೀಟರು ದೂರದ ಓಟದ ಕೊನೆಯ ಸುತ್ತು ನಡೆಯಿತು. ಓಡಿದವರು ನಾಲ್ವರು. ಅಮೆರಿಕಾದ ವಾಲ್ಟರ್ ಟ್ಯೂಕ್ಸ್‌ಬರಿಯು 22.2 ಸೆಕೆಂಡುಗಳಲ್ಲಿ ಗುರಿಯನ್ನು ಮುಟ್ಟಿ ಮೊದಲಿಗನಾದನು. ಅವನ ಹಿಂದೆ ಬಂದವನು ಕಲ್ಕತ್ತೆಯಲ್ಲಿ ಹುಟ್ಟಿ ಬೆಳೆದ ನಾರ್ಮನ್ ಪ್ರಿಚರ್ಡ್. ಮೂರನೆಯವನು ಆಸ್ಟ್ರೇಲಿಯದ ಸ್ಟಾನ್ಲಿ ರೌಲಿ. ಕಡೆಯವನು ಅಮೆರಿಕಾದವನೇ ಆದ ವಿಲಿಯಂ ಹಾಲಂಡ್. ಅರ್ಧ ನಿಮಿಷವೂ ಹಿಡಿಯದ ಈ ಓಟದ ಎರಡನೆಯ ಸ್ಥಾನವು ಯಾವ ದೇಶಕ್ಕೆ ಸಲ್ಲತಕ್ಕದ್ದೆಂಬ ವಿವಾದವು ಮಾತ್ರ ಒಂದು ಶತಮಾನ ಕಳೆದರೂ ತೀರಿಲ್ಲ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು ಅದನ್ನು ಭಾರತದ ಲೆಕ್ಕಕ್ಕೆ ಬರೆದಿದೆ. ಅಂತರರಾಷ್ಟ್ರೀಯ ಅಥ್ಲೆಟಿಕ್ ಒಕ್ಕೂಟದವರು 2004ನೆಯ ಇಸವಿಯ ಕ್ರೀಡೆಗಳಿಗಾಗಿ ಸಿದ್ಧಪಡಿಸಿದ ಅಂಕಿಅಂಶಗಳ ಗ್ರಂಥದಲ್ಲಿ ಅದನ್ನು ಬ್ರಿಟನ್ನಿನ ಲೆಕ್ಕಕ್ಕೆ ಸೇರಿಸಿದರು. 2021ರಲ್ಲಿ ಟೋಕಿಯೋ ನಗರದಲ್ಲಿ ನೀರಜ್ ಚೋಪ್ರಾ ಅವರು ಈಟಿ ಎಸೆತದಲ್ಲಿ ಚಿನ್ನವನ್ನು ಗೆದ್ದಾಗ, ಅಥ್ಲೆಟಿಕ್ ವಿಭಾಗದಲ್ಲಿ ಭಾರತಕ್ಕೆ ದೊರೆತ ಪದಕಗಳಲ್ಲಿ ಇದು ಮೊದಲನೆಯದೋ ಅಲ್ಲವೋ ಎಂಬ ಪ್ರಶ್ನೆಯು ಪ್ರಿಚರ್ಡನ ದೆಸೆಯಿಂದಲೇ ಮತ್ತೆ ತಲೆಯೆತ್ತಿತು.

ಪದಕವೆಂಬ ಮಾತನ್ನೇ ಇಲ್ಲಿ ಎಚ್ಚರಿಕೆಯಿಂದ ಬಳಸಬೇಕಾಗಿದೆ. ಮೊದಲನೆಯವನಿಗೆ ಚಿನ್ನ, ಎರಡನೆಯವನಿಗೆ ಬೆಳ್ಳಿ, ಮೂರನೆಯವನಿಗೆ ಕಂಚು ಎಂಬ ಕ್ರಮವು ಬಳಕೆಗೆ ಬಂದುದು 1904ನೆಯ ಇಸವಿಯ ಸೇಂಟ್ ಲೂಯಿಸ್ ಕ್ರೀಡೆಗಳಲ್ಲಿ. ಆದುದರಿಂದ ಪ್ರಿಚರ್ಡನ ‘ಬೆಳ್ಳಿ’ಯು ಅವನ ಕೈಗೆ ಬಂದ ವಸ್ತುವಲ್ಲ, ಪಟ್ಟಿ ಬರೆದವರು ತರುವಾಯ ಅವನಿಗೆ ಕೊಟ್ಟ ಬಿರುದು. ಒಲಿಂಪಿಕ್ ಎಂಬ ಹೆಸರಿನ ಸ್ಥಿತಿಯೂ ಹೆಚ್ಚುಕಡಮೆ ಹೀಗೆಯೇ. ಆ ವರ್ಷ ಪ್ಯಾರಿಸಿನಲ್ಲಿ ಜಗತ್ಪ್ರದರ್ಶನವೊಂದು ನಡೆಯುತ್ತಿತ್ತು. ಕ್ರೀಡೆಗಳು ಅದರ ಅಂಗವಾಗಿ ಮೇ ತಿಂಗಳಿಂದ ಅಕ್ಟೋಬರಿನ ವರೆಗೆ ಚದರಿಹೋದುವು. ಶಾರೀರಿಕ ವ್ಯಾಯಾಮ ಮತ್ತು ಕ್ರೀಡೆಗಳ ಅಂತರರಾಷ್ಟ್ರೀಯ ಸ್ಪರ್ಧೆಗಳು ಎಂಬುದೇ ಅವುಗಳ ಅಧಿಕೃತವಾದ ಹೆಸರು. ಒಲಿಂಪಿಕ್ ಕ್ರೀಡೆಗಳನ್ನು ಪುನರುಜ್ಜೀವನಗೊಳಿಸಿದ ಪಿಯೇರ್ ದ ಕೂಬರ್ತಾನಿನ ಸ್ವಂತ ನಗರದಲ್ಲಿಯೇ ಆತನ ಸಂಕಲ್ಪಕ್ಕೆ ಈ ಗತಿಯಾದುದು ವಿಪರ್ಯಾಸವೇ ಸರಿ.

ಓಟದ ನೆಲವೂ ಅಷ್ಟೇನೂ ಹಸನಾಗಿರಲಿಲ್ಲ. ರೇಸಿಂಗ್ ಕ್ಲಬ್ಬಿನವರಿಗೆ ಸೇರಿದ ಕ್ರುವಾ ಕಟ್ಲಾನ್ ಬಯಲಿನಲ್ಲಿ 500 ಮೀಟರು ಸುತ್ತಳತೆಯ ಹುಲ್ಲಿನ ಹಾದಿಯೊಂದಿತ್ತು. ಅದು ಸಮತಟ್ಟಾಗಿರಲಿಲ್ಲ, ಅಲ್ಲಲ್ಲಿ ಏರು, ಅಲ್ಲಲ್ಲಿ ಇಳಿಜಾರು. ಚಕ್ರ ಎಸೆಯುವವರಿಗಂತೂ ಮರಗಳೇ ಅಡ್ಡವಾದುವು. 200 ಮೀಟರು ಓಟವು 1896ರ ಅಥೆನ್ಸ್ ಕ್ರೀಡೆಗಳಲ್ಲಿ ಇರಲಿಲ್ಲ. ಅದರ ಚರಿತ್ರೆಯು ಆರಂಭವಾಗುವುದು ಈ ಉಬ್ಬುತಗ್ಗಿನ ಹುಲ್ಲಿನ ಮೇಲೆಯೇ. ಇದಕ್ಕೆ ಆರು ದಿನ ಮುಂಚೆ, 16ನೆಯ ತಾರೀಖು, ಪ್ರಿಚರ್ಡನು 200 ಮೀಟರು ಅಡೆತಡೆ ಓಟದಲ್ಲಿಯೂ ಎರಡನೆಯವನಾಗಿದ್ದನು. ಗೆದ್ದವನು ಆ ಕ್ರೀಡೆಗಳಲ್ಲಿ ನಾಲ್ಕು ಜಯಗಳನ್ನು ಪಡೆದ ಆಲ್ವಿನ್ ಕ್ರೆನ್ಜ್‌ಲೀನ್, ಮೂರನೆಯವನು ಟ್ಯೂಕ್ಸ್‌ಬರಿ. ಈ ಬಗೆಯ ಓಟವನ್ನು 1904ರ ಅನಂತರ ಕೈಬಿಡಲಾಯಿತು. ಹೀಗೆ, ಅಂದು ಅಮೆರಿಕಾದ ವಿಶ್ವವಿದ್ಯಾನಿಲಯಗಳು ಶಾಸ್ತ್ರೋಕ್ತವಾಗಿ ತಯಾರುಮಾಡಿ ಕಳುಹಿದ ಓಟಗಾರರ ನಡುವೆ ಎರಡು ಸಾರಿ ಎರಡನೆಯ ಸ್ಥಾನಕ್ಕೆ ಬಂದವನು ಕಲ್ಕತ್ತೆಯಿಂದ ಬಂದ ಒಬ್ಬಂಟಿಗ.

ಈ ಒಬ್ಬಂಟಿಗನ ಪೂರ್ವವೃತ್ತಾಂತವು ಸಂಕ್ಷೇಪವಾಗಿ ಹೀಗಿದೆ. ಬಂಗಾಳದಲ್ಲಿ ನೆಲೆಸಿದ ಇಂಗ್ಲಿಷ್ ಕುಟುಂಬದಲ್ಲಿ ಹುಟ್ಟಿದ ಪ್ರಿಚರ್ಡನು ಕಲ್ಕತ್ತೆಯ ಸೇಂಟ್ ಜೇವಿಯರ್ಸ್ ಕಾಲೇಜಿನಲ್ಲಿ ಓದಿದನು. 1894ರಿಂದ 1900ರ ವರೆಗೆ ಬಂಗಾಳದ 100 ಗಜದ ಓಟದಲ್ಲಿ ಎಡೆಬಿಡದೆ ಏಳು ವರ್ಷ ಅವನೇ ಅಗ್ರಗಣ್ಯ. ಕಾಲ್ಚೆಂಡಿನಲ್ಲಿಯೂ ಅವನ ಹೆಸರು ದೊಡ್ಡದು. ತರುವಾಯ ಕಲ್ಕತ್ತೆಯ ಇಂಡಿಯನ್ ಫುಟ್‌ಬಾಲ್ ಅಸೋಸಿಯೇಷನ್ನಿಗೆ ಕಾರ್ಯದರ್ಶಿಯಾಗಿಯೂ ಇದ್ದನು. 1900ರ ಬೇಸಗೆಯಲ್ಲಿ ಇಂಗ್ಲೆಂಡಿಗೆ ಹೋಗಿದ್ದಾಗ ಅಲ್ಲಿಯ ರಾಷ್ಟ್ರೀಯ ಸ್ಪರ್ಧೆಗಳಲ್ಲಿ 120 ಗಜದ ಅಡೆತಡೆ ಓಟವನ್ನು ಓಡಿ, ಅದೇ ಕ್ರೆನ್ಜ್‌ಲೀನನ ಹಿಂದೆ ಎರಡನೆಯವನಾದನು. ಅಲ್ಲಿಂದ ಕೆಲವೇ ದಿನಗಳಲ್ಲಿ ಪ್ಯಾರಿಸಿಗೆ ತೆರಳಿದನು.

ಬ್ರಿಟನ್ನಿನ ಪಕ್ಷವನ್ನು ಹಿಡಿದ ಕ್ರೀಡಾಚರಿತ್ರಕಾರರ ವಾದಕ್ಕೆ ಈ ಕಡೆಯ ಸಂಗತಿಯೇ ಆಧಾರ. ಇಂಗ್ಲಿಷ್ ಸ್ಪರ್ಧೆಗಳಲ್ಲಿ ತೋರಿದ ಸಾಮರ್ಥ್ಯದಿಂದಲೇ ಅವನು ಬ್ರಿಟಿಷ್ ತಂಡಕ್ಕೆ ಸೇರಿದನೆಂದೂ, ಭಾರತಕ್ಕೆ ಆಗ ಒಲಿಂಪಿಕ್ ಸಂಸ್ಥೆಯೇ ಇರಲಿಲ್ಲವೆಂದೂ ಅವರು ಹೇಳುತ್ತಾರೆ. ಎರಡನೆಯ ಮಾತು ನಿಜ. ಭಾರತದಿಂದ ತಂಡವೊಂದು ಕ್ರಮವಾಗಿ ಹೊರಟುದು ದೊರಾಬ್ಜಿ ಟಾಟಾ ಅವರ ಪ್ರಯತ್ನದ ಫಲವಾಗಿ 1920ರಲ್ಲಿ, ಆಂಟ್‌ವರ್ಪಿಗೆ. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರು ಮ್ಯಾರಥಾನ್ ಓಟದಲ್ಲಿ 19ನೆಯವರಾಗಿ ಬಂದುದು ಆ ಸಲವೇ. ಆದರೆ ಈ ವಾದವು ಸಿದ್ಧಪಡಿಸಬೇಕಾದುದನ್ನೇ ಸಿದ್ಧವೆಂದು ಹಿಡಿಯುತ್ತದೆ. ಸ್ಪರ್ಧಿಗಳು ತಮ್ಮ ತಮ್ಮ ರಾಷ್ಟ್ರೀಯ ಸಮಿತಿಗಳ ಮೂಲಕವೇ ಬರಬೇಕೆಂಬ ನಿಯಮವು ಜಾರಿಗೆ ಬಂದುದು 1908ರ ಲಂಡನ್ ಕ್ರೀಡೆಗಳಲ್ಲಿ. 1900ರಲ್ಲಿ ಜನರು ತಾವಾಗಿಯೋ ತಮ್ಮ ಕ್ಲಬ್ಬಿನ ಹೆಸರಿನಲ್ಲಿಯೋ ಕಾಲೇಜಿನ ಹೆಸರಿನಲ್ಲಿಯೋ ಬಂದು ಓಡಿದರು. ಭಾರತೀಯ ಸಂಸ್ಥೆಯಿಲ್ಲದುದರಿಂದ ಪ್ರಿಚರ್ಡನು ಭಾರತದವನಲ್ಲವೆಂದರೆ, ಅದೇ ತರ್ಕದಿಂದ ಆ ವರ್ಷದ ಅನೇಕರು ಯಾವ ದೇಶಕ್ಕೂ ಸೇರದೆ ಹೋಗಬೇಕಾಗುತ್ತದೆ.

ಇದಕ್ಕೆ ಉದಾಹರಣೆಯನ್ನು ದೂರದಲ್ಲಿ ಹುಡುಕಬೇಕಾಗಿಲ್ಲ; ಪ್ರಿಚರ್ಡನ ಬೆನ್ನಿಗೇ ಬಂದ ರೌಲಿಯ ಸಂಗತಿಯೇ ಸಾಕು. ಅದೇ 22ನೆಯ ತಾರೀಖು 5000 ಮೀಟರು ತಂಡದ ಓಟವೂ ಇತ್ತು. ತಂಡಕ್ಕೆ ಐವರು ಬೇಕು. ಬ್ರಿಟನ್ನಿನವರಲ್ಲಿ ನಾಲ್ವರೇ ಇದ್ದರು. ಸಂಖ್ಯೆಯನ್ನು ತುಂಬುವುದಕ್ಕಾಗಿ ಅವರು ರೌಲಿಯನ್ನು ಸೇರಿಸಿಕೊಂಡರು. ಅಲ್ಪದೂರದ ಓಟಗಾರನಾದ ಆತನು ಕೆಲವು ಸುತ್ತುಗಳ ಬಳಿಕ ನಡೆಯತೊಡಗಿದನು. ಉಳಿದ ಒಂಬತ್ತು ಮಂದಿಯೂ ಓಟವನ್ನು ಮುಗಿಸಿದಮೇಲೆ ಅಧಿಕಾರಿಗಳು ಅವನನ್ನು ನಿಲ್ಲಿಸಿ ಹತ್ತನೆಯ ಸ್ಥಾನವನ್ನು ಕೊಟ್ಟರು, ತಂಡವೂ ಗೆದ್ದಿತು. ಈಗಿನ ಪಟ್ಟಿಗಳಲ್ಲಿ 60, 100 ಮತ್ತು 200 ಮೀಟರು ಓಟಗಳಲ್ಲಿ ರೌಲಿ ಪಡೆದ ಮೂರನೆಯ ಸ್ಥಾನಗಳು ಆಸ್ಟ್ರೇಲಿಯಕ್ಕೆ ಸಲ್ಲುತ್ತವೆ. ಆಸ್ಟ್ರೇಲಿಯದ ಕಾಮನ್‌ವೆಲ್ತ್ ಎಂಬ ರಾಜ್ಯವಾದರೋ 1901ನೆಯ ಇಸವಿ ಜನವರಿ 1ನೆಯ ತಾರೀಖಿನ ವರೆಗೆ ಹುಟ್ಟಿಯೇ ಇರಲಿಲ್ಲ. ಬ್ರಿಟಿಷ್ ತಂಡದಲ್ಲಿ ನಿಜವಾಗಿ ಓಡಿದ ರೌಲಿಯು ಆಸ್ಟ್ರೇಲಿಯದವನಾಗಿ ಉಳಿಯಬಹುದಾದರೆ, ಆ ಓಟದಲ್ಲಿ ಇಲ್ಲದ ಪ್ರಿಚರ್ಡನನ್ನು ಬ್ರಿಟನ್ನಿಗೆ ಸೇರಿಸುವುದು ಒಂದೇ ಪಂಕ್ತಿಯಲ್ಲಿ ಎರಡು ಬಗೆಯ ಬಡಿಸಿದಂತಾಗುತ್ತದೆ.

ಹಾಗೆಂದು ಪ್ರಿಚರ್ಡನು ಭಾರತದ ‘ಪ್ರತಿನಿಧಿ’ಯಾಗಿ ಓಡಿದನೆಂಬ ಅಭಿಮಾನದ ಮಾತನ್ನೂ ಒಪ್ಪಲಾಗದು. ಅವನನ್ನು ಈ ದೇಶದವರು ಆರಿಸಲಿಲ್ಲ, ಕಳುಹಿಸಲಿಲ್ಲ. ಅವನು ಬ್ರಿಟಿಷ್ ಪ್ರಜೆ, ಬೆಳೆದುದು ಕಲ್ಕತ್ತೆಯ ಬಿಳಿಯರ ಕ್ಲಬ್ಬುಗಳ ವಾತಾವರಣದಲ್ಲಿ. ದೃಢವಾಗಿ ಹೇಳಬಹುದಾದುದು ಇಷ್ಟು: ಅವನ ಓಟವು ರೂಪುಗೊಂಡುದು ಬಂಗಾಳದ ಬಯಲಿನಲ್ಲಿ, ಏಳು ವರ್ಷಗಳ ಅಭ್ಯಾಸದಿಂದ, ಇಂಗ್ಲೆಂಡಿನ ಪಾಲು ಅದರಲ್ಲಿ ಒಂದು ಬೇಸಗೆಯದು. ಅವನ ಹೆಸರಿನ ಮುಂದೆ ಒಂದು ದೇಶವನ್ನು ಬರೆಯಲೇಬೇಕೆಂದಾದರೆ, ರೌಲಿಗೆ ಅನ್ವಯಿಸಿದ ನಿಯಮದಂತೆಯೇ, ಭಾರತವೆಂದು ಬರೆದ ಒಲಿಂಪಿಕ್ ಸಮಿತಿಯ ಲೆಕ್ಕವು ಹೆಚ್ಚು ಸಮಂಜಸವಾಗಿ ತೋರುತ್ತದೆ.

ಪ್ರಿಚರ್ಡನು ಮುಂದೆ ಓಟದ ಬಯಲಿನಲ್ಲಿ ನಿಲ್ಲಲಿಲ್ಲ. ಭಾರತವನ್ನು ಬಿಟ್ಟು ಇಂಗ್ಲೆಂಡಿನಲ್ಲಿ ನೆಲೆಸಿ ನಟನಾದನು. ಅಲ್ಲಿಂದ ಅಮೆರಿಕಾಕ್ಕೆ ಹೋಗಿ ನಾರ್ಮನ್ ಟ್ರೆವರ್ ಎಂಬ ಹೆಸರಿನಿಂದ ರಂಗಭೂಮಿಯಲ್ಲಿಯೂ ಮೂಕಚಿತ್ರಗಳಲ್ಲಿಯೂ ಪಾತ್ರವಹಿಸಿದನು. 1926ರ ‘ಬೋ ಜೆಸ್ಟ್’ ಚಿತ್ರದಲ್ಲಿ ಅವನಿದ್ದಾನೆ. 1929ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಅವನು ತೀರಿಕೊಂಡನು. ಅದಕ್ಕೆ ಒಂದು ವರ್ಷ ಹಿಂದೆ ಆಂಸ್ಟರ್‌ಡಾಮಿನಲ್ಲಿ ಭಾರತದ ಹಾಕಿ ತಂಡವು ದೇಶದ ಹೆಸರಿನಲ್ಲಿಯೇ ಆಡಿ ಮೊದಲನೆಯ ಚಿನ್ನವನ್ನು ತಂದಿತ್ತು.